ಅಪ್ಪ-ಅಮ್ಮನ ಜತೆ ವಿಯೆನ್ನಾ: ಅರಮನೆಗೆ ಎಷ್ಟು ಹೊತ್ತು, ಸಂಗೀತಕ್ಕೆ ಎಷ್ಟು ಹೊತ್ತು?

ಮಲ್ಲಿಗೆಮೊಗ್ಗು

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ಅಪ್ಪ-ಅಮ್ಮನನ್ನು ವಿಯೆನ್ನಾಗೆ ಕರೆದುಕೊಂಡು ಹೋಗುತ್ತಿದ್ದೇನೆ. ತಮ್ಮ ಮ್ಯೂನಿಕ್‌ನಲ್ಲಿದ್ದಾನೆ, ಅಲ್ಲಿಂದ ರೈಲಿನಲ್ಲಿ ಬರುತ್ತೇವೆ. ಅಪ್ಪ ಹಾಸನದಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಾರೆ. ಜೀವಮಾನವಿಡೀ ಕರ್ನಾಟಕ ಸಂಗೀತ ಬಿಟ್ಟು ಬೇರೆ ನುಡಿಸಿದವರಲ್ಲ. ಆದರೆ ಯುರೋಪಿನವರು ಪಿಟೀಲು ಹೇಗೆ ನುಡಿಸುತ್ತಾರೆ ಅಂತ ಎದುರಿಗೇ ಕೇಳಬೇಕು ಅನ್ನೋದು ಅವರ ಬಹಳ ದಿನದ ಆಸೆ. ಅಮ್ಮನಿಗೆ ಅರಮನೆ, ರಾಜ-ರಾಣಿಯರ ಕಥೆ ಅಂದರೆ ಪ್ರಾಣ. ಅವರಿಗೆ ಮಂಡಿ ನೋವಿದೆ, ಮೆಟ್ಟಿಲು ಹತ್ತೋದು ಕಷ್ಟ. ಇಬ್ಬರೂ ಮಾಂಸ ಮೊಟ್ಟೆ ಮುಟ್ಟುವುದಿಲ್ಲ.

ಟ್ರಾವೆಲ್ಸ್‌ನವರು ಒಂದು ಪಟ್ಟಿ ಕೊಟ್ಟಿದ್ದಾರೆ. ಮೊದಲ ದಿನವೇ ಷೋನ್‌ಬ್ರುನ್, ಹೋಫ್‌ಬುರ್ಗ್, ಬೆಲ್ವೆಡೇರ್ ಮೂರೂ ಅರಮನೆ. ಅದರ ಮೇಲೆ ದೊಡ್ಡ ಚರ್ಚು. ಸಂಜೆ ವಿಗ್ ಹಾಕಿಕೊಂಡವರ ಮೊಜಾರ್ಟ್ ಕಛೇರಿ. ಓದಿದರೇ ಸುಸ್ತಾಗುತ್ತದೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ. ಏನು ಇಟ್ಟುಕೊಳ್ಳಲಿ, ಏನು ಬಿಡಲಿ?

ಅಲೆಮಾರಿ

ಮೂರು ಅರಮನೆ ಒಂದೇ ದಿನ ಬೇಡವೇ ಬೇಡ. ಷೋನ್‌ಬ್ರುನ್ ಒಂದಕ್ಕೇ ಅರ್ಧ ದಿನ ಸಾಲದು. ಅದರಲ್ಲಿ 1,441 ಕೋಣೆಗಳಿವೆ. ನಮಗೆ ತೋರಿಸುವುದು ಕೆಲವೇ ಕೆಲವು, ಅದಕ್ಕೇ ಕಾಲು ಸೋಲುತ್ತದೆ. ಹಿಂದಿನ ತೋಟಕ್ಕೆ ಟಿಕೆಟ್ ಇಲ್ಲ. ಗುಡ್ಡದ ಮೇಲೆ ಗ್ಲೋರಿಯೆಟ್ ಅಂತ ಕಮಾನುಗಳ ಮಂಟಪ ಇದೆ, 1775ರದ್ದು. ಅಲ್ಲಿಂದ ಇಡೀ ಊರು ಕಾಣುತ್ತದೆ. ಅಮ್ಮನವರಿಗೆ ಆ ಏರು ಕಷ್ಟ. ತೋಟದೊಳಗೆ ಪ್ರವಾಸಿಗರಿಗಾಗಿ ಪುಟ್ಟ ರೈಲಿನಂಥ ಗಾಡಿ ಓಡುತ್ತದೆ, ಅದರಲ್ಲಿ ಕೂರಿಸಿ.

ಡಾನ್ಯೂಬ್‌ದಂಡೆ

ನಾನು ಇಲ್ಲೇ ಇರುವವನು. ಊರಿಂದ ನೆಂಟರು ಬಂದಾಗಲೆಲ್ಲ ಸುತ್ತಿಸುವುದು ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ವಿಯೆನ್ನಾಗೆ ಬಂದವರು ಜಾಸ್ತಿ ನೋಡುತ್ತಾರೆ, ಕಡಿಮೆ ಕೇಳುತ್ತಾರೆ. ಈ ಊರಿನ ಅರಮನೆ, ಚರ್ಚು, ಒಪೆರಾ ಮನೆ ಎಲ್ಲದರ ಒಳಗೂ ಸಂಗೀತ ನಡೆದಿದೆ, ಬಹಳ ಕಡೆ ಈಗಲೂ ನಡೆಯುತ್ತಿದೆ. ಹೊರಗೆ ನಿಂತು ಫೋಟೋ ಹೊಡೆದು ಹೊರಟರೆ ಅರ್ಧ ಊರು ಕೈತಪ್ಪಿದ ಹಾಗೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟು: ದಿನಕ್ಕೆ ಒಂದು ಕಟ್ಟಡ ಸಾವಧಾನವಾಗಿ ನೋಡಿ, ದಿನಕ್ಕೆ ಒಂದು ಕಡೆ ಕೂತು ಕೇಳಿ. ನಿಮ್ಮ ತಂದೆಯವರಂತೂ ಪಿಟೀಲಿನವರು. ಅವರಿಗೆ ಇಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ ಹೆಚ್ಚು.

ಅರಮನೆಗಳಲ್ಲಿ ಷೋನ್‌ಬ್ರುನ್ ಇಟ್ಟುಕೊಳ್ಳಿ. ಮರಿಯಾ ತೆರೇಸಾ ಮಹಾರಾಣಿ 1740ರಿಂದ 1780ರವರೆಗೆ ಆಳಿದವಳು, ಹದಿನಾರು ಮಕ್ಕಳ ತಾಯಿ. ಈ ಅರಮನೆಗೆ ಈಗಿನ ರೂಪ ಬಂದದ್ದು ಅವಳ ಕಾಲದಲ್ಲೇ. 1762ರಲ್ಲಿ ಆರು ವರ್ಷದ ಮೊಜಾರ್ಟ್ ಅವಳ ಮುಂದೆ ನುಡಿಸಿದ್ದು ಇಲ್ಲಿನ ಕನ್ನಡಿ ಕೋಣೆಯಲ್ಲಿ ಅನ್ನುತ್ತಾರೆ. ನುಡಿಸಿ ಮುಗಿಸಿ ಹುಡುಗ ರಾಣಿಯ ತೊಡೆ ಮೇಲೆ ಹಾರಿ ಕೂತ ಅಂತ ಅವರಪ್ಪ ಊರಿಗೆ ಕಾಗದ ಬರೆದಿದ್ದಾರೆ. ಅಮ್ಮನವರಿಗೆ ಆ ಕೋಣೆಯಲ್ಲಿ ನಿಂತಾಗ ಇದನ್ನು ಹೇಳಿ.

ಟಿಕೆಟ್ಟಿನಲ್ಲಿ ಕಡಿಮೆ ಕೋಣೆಯದು, ಹೆಚ್ಚು ಕೋಣೆಯದು ಅಂತ ಎರಡು ಬಗೆ ಇವೆ. ಹೆಚ್ಚು ಕೋಣೆಯದನ್ನೇ ತಗೊಳ್ಳಿ. ಕಾರಣ, ಮಿಲಿಯನ್ ಕೋಣೆ ಅಂತ ಒಂದಿದೆ. ಗೋಡೆಗೆಲ್ಲ ಬೆಲೆಬಾಳುವ ಮರದ ಹಲಗೆ. ಅದರಲ್ಲಿ ಬಂಗಾರದ ಬಳ್ಳಿಯಂಥ ಚೌಕಟ್ಟುಗಳು. ಆ ಚೌಕಟ್ಟುಗಳ ಒಳಗೆ ಇರುವುದು ನಮ್ಮ ಮೊಗಲ್ ಕಾಲದ ಕಿರುಚಿತ್ರಗಳು! ಬಾದಷಹರು, ದರ್ಬಾರು, ಬೇಟೆ, ತೋಟ. ರಾಜಮನೆತನದವರು ಅವನ್ನು ಕತ್ತರಿಸಿ ತಮಗೆ ಬೇಕಾದ ಹಾಗೆ ಜೋಡಿಸಿ ಅಂಟಿಸಿದ್ದಾರೆ. ಚಿತ್ರ ಕತ್ತರಿಸಿದ್ದು ನೋಡಿ ನನಗೆ ಸಂಕಟ ಆಗುತ್ತದೆ. ಆದರೂ ಒಂದೊಂದು ಕುದುರೆಯ ಕಣ್ಣು, ಒಂದೊಂದು ಪೇಟದ ಮುತ್ತು ಈಗಲೂ ಸ್ಪಷ್ಟ. ಜನ ಎರಡು ನಿಮಿಷದಲ್ಲಿ ಆ ಕೋಣೆ ದಾಟಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಕರಾವಳಿಕೂಸು

ಮೊಗಲ್ ಚಿತ್ರ ಇರುವುದು ಗೊತ್ತೇ ಇರಲಿಲ್ಲ! ನಾವು ಗುಂಪಿನಲ್ಲಿ ಹೋಗಿದ್ದೆವು, ಗೈಡ್ ಓಡಿಸಿಕೊಂಡು ಹೋದರು.

ಹೋಫ್‌ಬುರ್ಗ್ ಪೂರ್ತಿ ಬಿಡಬೇಡಿ ಅಂತ ನನ್ನ ಮಾತು. ಅಮ್ಮನಿಗೆ ರಾಣಿಯರ ಕಥೆ ಇಷ್ಟ ಅಂದಿರಿ. ಅಲ್ಲಿ ಸಿಸಿ ವಸ್ತುಸಂಗ್ರಹಾಲಯ ಇದೆ. ಆಸ್ಟ್ರಿಯಾದ ಎಲಿಜಬೆತ್ ರಾಣಿಯನ್ನು ಮನೆಯವರು ಕರೆಯುತ್ತಿದ್ದದ್ದೇ ಸಿಸಿ ಅಂತ. ಹದಿನಾರನೇ ವಯಸ್ಸಿಗೆ ಮದುವೆಯಾಗಿ ಬಂದವಳು. ಅರಮನೆಯ ಕಟ್ಟುಪಾಡು ಅವಳಿಗೆ ಒಗ್ಗಲೇ ಇಲ್ಲ. 1889ರಲ್ಲಿ ಒಬ್ಬನೇ ಮಗ ರುಡಾಲ್ಫ್ ಗುಂಡು ಹೊಡೆದುಕೊಂಡು ಸತ್ತ. 1898ರಲ್ಲಿ ಜಿನೀವಾದ ಕೆರೆದಂಡೆಯಲ್ಲಿ ಒಬ್ಬ ಅರದಿಂದ, ಅಂದರೆ ಕಬ್ಬಿಣ ಉಜ್ಜುವ ಉಪಕರಣದಿಂದ, ಚುಚ್ಚಿ ಇವಳನ್ನೂ ಕೊಂದ. ಆ ಅರವನ್ನೂ ಪ್ರದರ್ಶನಕ್ಕೆ ಇಟ್ಟಿದ್ದಾರೆ.

ನನ್ನ ಮನಸ್ಸಲ್ಲಿ ಉಳಿದದ್ದು ಅವಳ ಅಲಂಕಾರದ ಕೋಣೆ. ಬಾಗಿಲಿಗೆ ವ್ಯಾಯಾಮದ ಉಂಗುರ ತೂಗುಹಾಕಿದೆ, ಗೋಡೆಗೆ ಹತ್ತುವ ಪಟ್ಟಿ. ಮೊಣಕಾಲಿಗಿಂತ ಕೆಳಗಿನವರೆಗೆ ಕೂದಲು, ದಿನಾ ಗಂಟೆಗಟ್ಟಲೆ ಬಾಚಿಸಿಕೊಳ್ಳುತ್ತಿದ್ದಳಂತೆ. ಗಂಡ ಫ್ರಾನ್ಸ್ ಯೋಸೆಫ್ ಚಕ್ರವರ್ತಿಯ ಮಂಚ ನೋಡಿದರೆ ಸಾಮಾನ್ಯ ಸಿಪಾಯಿಯ ಕಬ್ಬಿಣದ ಮಂಚ. 1848ರಿಂದ 1916ರವರೆಗೆ ಆಳಿದ ಮನುಷ್ಯ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕಾಗದ ಪತ್ರ ನೋಡುತ್ತಿದ್ದ. ಗಂಡ ಹೆಂಡತಿ ಎಷ್ಟು ದೂರ ಬದುಕಿದರು ಅನ್ನೋದು ಆ ಎರಡು ಕೋಣೆ ನೋಡಿದರೇ ಅರ್ಥವಾಗುತ್ತದೆ.

ಪಿಟೀಲುಪ್ರಿಯ

ಮಲ್ಲಿಗೆಮೊಗ್ಗು ಅವರೇ, ನಿಮ್ಮ ತಂದೆಯವರ ವಿಷಯ ಓದಿ ತುಂಬಾ ಖುಷಿಯಾಯಿತು. ನಾನೂ ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ಕಲಿತವನು. ನಮ್ಮ ಸಂಗೀತಕ್ಕೆ ಪಿಟೀಲನ್ನು ತಂದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಮದರಾಸಿನಲ್ಲಿ ಯುರೋಪಿನವರಿಂದ ಕಲಿತರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ವಿಯೆನ್ನಾದಲ್ಲಿ ಬೀಟೋವನ್ ಇದ್ದ. ಈ ಎರಡನ್ನೂ ಒಟ್ಟಿಗೆ ಯೋಚಿಸಿದರೆ ಮೈ ಜುಮ್ ಅನ್ನುತ್ತದೆ.

ಅವರನ್ನು ಮುಸೀಕ್‌ಫೆರಾಯ್ನ್ ಎಂಬ ಸಂಗೀತ ಸಭಾಂಗಣಕ್ಕೆ ಕರೆದುಕೊಂಡು ಹೋಗಲೇಬೇಕು. ಥಿಯೋಫಿಲ್ ಹಾನ್ಸೆನ್ ಕಟ್ಟಿದ್ದು, 1870ರ ಜನವರಿಯಲ್ಲಿ ತೆರೆಯಿತು. ಹೊಸ ವರ್ಷದ ದಿನ ಟೀವಿಯಲ್ಲಿ ಬರುತ್ತದಲ್ಲ, ಹೂವಿನ ಅಲಂಕಾರ, ಕೊನೆಗೆ ಎಲ್ಲರೂ ತಾಳ ಹಾಕುವುದು, ಅದೇ ಸಭಾಂಗಣ. ಬಂಗಾರದ ಬಣ್ಣ ನೋಡಿ ಜನ ಬೆರಗಾಗುತ್ತಾರೆ. ನಿಜವಾದ ಬೆರಗು ನಾದದಲ್ಲಿದೆ. ಉದ್ದ ಸುಮಾರು 49 ಮೀಟರು, ಅಗಲ 19, ಎತ್ತರ 18. ಪೆಟ್ಟಿಗೆ ಆಕಾರ. ಮರದ ನೆಲದ ಕೆಳಗೆ ಟೊಳ್ಳು. ಚಾವಣಿ ಮೇಲಿನಿಂದ ತೂಗುಬಿದ್ದಿದೆ. ಗೋಡೆಯ ಬಂಗಾರದ ಬೊಂಬೆಗಳು, ಬಾಲ್ಕನಿಗಳು ನಾದವನ್ನು ಚೂರು ಚೂರಾಗಿ ಎಲ್ಲ ಕಡೆ ಎರಚುತ್ತವೆ. ಒಟ್ಟಿನಲ್ಲಿ ಸಭಾಂಗಣವೇ ತಂಬೂರಿಯ ಬುರುಡೆ ಇದ್ದ ಹಾಗೆ. ಮೈಕು ಇಲ್ಲ, ಸ್ಪೀಕರ್ ಇಲ್ಲ. ನಮ್ಮ ಕಡೆ ಸಭೆಗಳಲ್ಲಿ ಮೈಕಿನ ಕಿರಿಚಾಟಕ್ಕೆ ಒಗ್ಗಿದ ಕಿವಿಗೆ ಇದು ಬೇರೆಯೇ ಲೋಕ.

ಶುರುವಾಗುವ ಮುಂಚೆ ಶ್ರುತಿ ಮಾಡುವುದನ್ನು ನೋಡಲು ಹೇಳಿ. ಓಬೋ ಎಂಬ ಊದುವ ವಾದ್ಯ ಒಂದು ಸ್ವರ ಹಿಡಿಯುತ್ತದೆ. ಅದಕ್ಕೆ ಎಲ್ಲ ಪಿಟೀಲುಗಳೂ ಕೂಡಿಕೊಳ್ಳುತ್ತವೆ. ಈ ಊರಿನ ಹೆಸರಾಂತ ವಾದ್ಯವೃಂದ ವಿಯೆನ್ನಾ ಫಿಲ್ಹಾರ್ಮೋನಿಕ್‌ನವರು ಆ ಸ್ವರವನ್ನು 443 ಹರ್ಟ್ಸ್‌ಗೆ ಇಡುತ್ತಾರೆ, ಸಾಮಾನ್ಯವಾದ 440ಕ್ಕಿಂತ ಒಂದು ಎಳೆ ಮೇಲೆ. ಅವರ ಓಬೋ, ಹಾರ್ನ್ ಕೂಡ ಈ ಊರಿನದೇ ಹಳೆಯ ಮಾದರಿಯವು. ಆಮೇಲೆ ಇಪ್ಪತ್ತು ಮೂವತ್ತು ಕಮಾನುಗಳು ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಕೂತು ಪಾದದ ಮೇಲೆ ಪಿಟೀಲಿನ ತಲೆ ಇಟ್ಟು ನುಡಿಸುವ ನಮ್ಮವರಿಗೆ ಆ ನೋಟವೇ ಒಂದು ಪಾಠ. ಗಮಕ ಇಲ್ಲ, ಸರಿ. ಆದರೆ ಒಂದು ಸ್ವರವನ್ನು ನೇರವಾಗಿ ಹಿಡಿದು ನಿಧಾನವಾಗಿ ದೊಡ್ಡದು ಮಾಡುತ್ತಾರೆ ನೋಡಿ, ಅದನ್ನು ನಿಮ್ಮ ತಂದೆ ಮರೆಯಲಾರರು.

ಅಲೆಮಾರಿ

ಫಿಲ್ಹಾರ್ಮೋನಿಕ್ ಟಿಕೆಟ್ ಸಿಗುವುದು ಅಷ್ಟು ಸುಲಭ ಅಲ್ಲ ಅಲ್ವಾ? ಹೊಸ ವರ್ಷದ ಕಛೇರಿಗಂತೂ ಲಾಟರಿ ಎತ್ತುತ್ತಾರೆ.

ಪಿಟೀಲುಪ್ರಿಯ

ನಿಜ, ಚಂದಾದಾರರ ಕಛೇರಿಗಳು ತುಂಬಿರುತ್ತವೆ. ಆದರೆ ಅದೇ ಸಭಾಂಗಣದಲ್ಲಿ ಬೇರೆ ವಾದ್ಯವೃಂದಗಳೂ ನುಡಿಸುತ್ತವೆ. ವಿಯೆನ್ನಾ ಸಿಂಫನಿ, ಟೋನ್‌ಕ್ಯುನ್ಸ್ಲರ್, ಎರಡೂ ಬಹಳ ಒಳ್ಳೆಯವು. ಈಗಲೇ ಮುಸೀಕ್‌ಫೆರಾಯ್ನ್‌ನ ಸ್ವಂತ ವೆಬ್‌ಸೈಟಿನಲ್ಲಿ ಮೇ ತಿಂಗಳ ಪಟ್ಟಿ ನೋಡಿ. ಯಾವ ಏಜೆಂಟ್ ಹತ್ತಿರವೂ ಹೋಗಬೇಡಿ.

ಹೊಸ ವರ್ಷದ ಮಾತು ಬಂದಿದ್ದಕ್ಕೆ ಇನ್ನೊಂದು. ನಮ್ಮ ಜುಬಿನ್ ಮೆಹ್ತಾ ಆ ಕಛೇರಿಯನ್ನು ಐದು ಸಲ ನಡೆಸಿದ್ದಾರೆ: 1990, 1995, 1998, 2007, 2015. ಮುಂಬೈಯಿಂದ ಹದಿನೆಂಟರ ಪ್ರಾಯಕ್ಕೆ ವಿಯೆನ್ನಾಗೆ ಕಲಿಯಲು ಬಂದವರು, ಹಾನ್ಸ್ ಸ್ವಾರೋವ್ಸ್ಕಿ ಅವರ ಶಿಷ್ಯ.

ಮೈಸೂರುಪೇಟ

ಮೈಸೂರಿನವನಾಗಿ ಒಂದು ವಿಷಯ ಹೇಳದೆ ಇರಲಾರೆ. ನಮ್ಮ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ದೊಡ್ಡ ಪೋಷಕರು. ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯಾದ ಮೆಟ್ನರ್ ಎಂಬ ಸಂಗೀತಗಾರ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಿದ್ದು ಮೈಸೂರಿನ ದುಡ್ಡು. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಹಾಡಲ್ಪಟ್ಟವು. ಅದರ ಖರ್ಚಿಗೆ ಜಾಮೀನು ನಿಂತವರೂ ಮಹಾರಾಜರೇ.

ಆ ಸ್ಟ್ರಾಸ್ 1919ರಿಂದ 1924ರವರೆಗೆ ವಿಯೆನ್ನಾ ಒಪೆರಾದ ನಿರ್ದೇಶಕರಲ್ಲಿ ಒಬ್ಬರು. ಅವರ ಮನೆ ಬೆಲ್ವೆಡೇರ್ ತೋಟದ ಪಕ್ಕದ ಯಾಕ್ವಿನ್‌ಗಾಸೆಯಲ್ಲಿತ್ತು. ಒಪೆರಾ ಮುಂದೆ ನಿಂತಾಗ ನಿಮ್ಮ ಅಪ್ಪನಿಗೆ ಇದನ್ನು ಹೇಳಿ. ಮೈಸೂರು ಅರಮನೆಗೂ ಈ ಊರಿಗೂ ಒಂದು ನಂಟಿದೆ.

ಕರಾವಳಿಕೂಸು

ಪಾರ್ಕಿನಲ್ಲಿ ಬಂಗಾರದ ಬೊಂಬೆ ಇದೆಯಲ್ಲ, ಪಿಟೀಲು ಹಿಡಿದದ್ದು, ಅವರೇನಾ ಈ ಸ್ಟ್ರಾಸ್?

ಮೈಸೂರುಪೇಟ

ಅಲ್ಲ. ಅವರು ಯೋಹಾನ್ ಸ್ಟ್ರಾಸ್, ವಾಲ್ಟ್ಸ್ ಕುಣಿತದ ಸಂಗೀತ ಬರೆದವರು, 1825ರಲ್ಲಿ ಹುಟ್ಟಿದವರು. ಇಬ್ಬರಿಗೂ ಸಂಬಂಧ ಇಲ್ಲ. ಪಾರ್ಕಿನ ಪ್ರತಿಮೆ 1921ರದ್ದು. ಡಾನ್ಯೂಬ್ ನದಿಯ ಹೆಸರಿನ ಆ ಪ್ರಸಿದ್ಧ ವಾಲ್ಟ್ಸ್ 1867ರಲ್ಲಿ ಮೊದಲು ಬಂದದ್ದು ಗಂಡಸರ ಗುಂಪುಗಾಯನವಾಗಿ.

ಡಾನ್ಯೂಬ್‌ದಂಡೆ

ಅಂದಹಾಗೆ ಹಳೆ ಊರಿನ ಅಂಚಿನಲ್ಲಿ ಹರಿಯುವುದು ಡಾನ್ಯೂಬ್ ಕಾಲುವೆ ಮಾತ್ರ. ದೊಡ್ಡ ನದಿ ದೂರ ಇದೆ. ನೋಡಲೇಬೇಕು ಅಂದರೆ ಯು1 ಮೆಟ್ರೋ ಹತ್ತಿ ಡೊನಾವ್‌ಇನ್ಸೆಲ್‌ನಲ್ಲಿ ಇಳಿಯಿರಿ.

ಈಗ ಒಪೆರಾ, ಅಂದರೆ ಹಾಡಿನಲ್ಲೇ ಆಡುವ ನಾಟಕದ ಮನೆ. 1869ರಲ್ಲಿ ಮೊಜಾರ್ಟ್‌ನ ಡಾನ್ ಜೊವಾನ್ನಿಯೊಂದಿಗೆ ತೆರೆಯಿತು. ಕಟ್ಟಿದ ಇಬ್ಬರು ವಾಸ್ತುಶಿಲ್ಪಿಗಳೂ ಅದನ್ನು ನೋಡಲು ಉಳಿಯಲಿಲ್ಲ. ಊರಿನವರ ಟೀಕೆ ತಾಳಲಾರದೆ ವಾನ್ ಡೆರ್ ನ್ಯುಲ್ 1868ರಲ್ಲಿ ಪ್ರಾಣ ಕಳಕೊಂಡರು. ಜತೆಗಾರ ಸಿಕಾರ್ಡ್ಸ್‌ಬುರ್ಗ್ ಕೆಲವೇ ವಾರದಲ್ಲಿ ಕಾಯಿಲೆಯಿಂದ ತೀರಿಕೊಂಡರು. 1945ರ ಮಾರ್ಚ್ 12ರ ಬಾಂಬಿಗೆ ಸಭಾಂಗಣ ಸುಟ್ಟುಹೋಯಿತು, ಮುಂಭಾಗ ಉಳಿಯಿತು. 1955ರ ನವೆಂಬರ್ 5ರಂದು ಬೀಟೋವನ್ನನ ಫಿಡೆಲಿಯೋ ಹಾಡಿ ಮತ್ತೆ ತೆರೆದರು. ಆ ವರ್ಷ ಮೇ ತಿಂಗಳಲ್ಲಷ್ಟೇ ಬೆಲ್ವೆಡೇರ್ ಅರಮನೆಯಲ್ಲಿ ಆಸ್ಟ್ರಿಯಾದ ಸ್ವಾತಂತ್ರ್ಯದ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಬಂದೀಖಾನೆಯಿಂದ ಜನ ಬಿಡುಗಡೆಯಾಗುವ ಕಥೆಯನ್ನೇ ಆರಿಸಿಕೊಂಡದ್ದು ಯಾಕೆ ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಳ್ಳೆಯ ಸೀಟಿಗೆ 200 ಯೂರೋ ದಾಟುತ್ತದೆ. ಆದರೆ ನಿಂತು ಕೇಳುವ ಜಾಗ ಇದೆ, 20 ಯೂರೋದ ಒಳಗೆ. ಅವತ್ತಿನ ಟಿಕೆಟ್ ಅವತ್ತೇ ಮಾರುತ್ತಾರೆ. ಕೆಳಗಿನ ಪಾರ್ಟೆರ್‌ನ ನಿಲ್ಲುವ ಜಾಗ ರಾಜಮನೆತನದವರಿಗಿದ್ದ ದೊಡ್ಡ ಆಸನಕೋಣೆಯ ಕೆಳಗೇ ಇದೆ, ವೇದಿಕೆಗೆ ನೇರ. ಒಳಗೆ ಹೋದ ಕೂಡಲೇ ನಿಮ್ಮ ಜಾಗದ ಕಂಬಿಗೆ ಒಂದು ಸ್ಕಾರ್ಫು ಕಟ್ಟಿ. ಆಮೇಲೆ ಆರಾಮಾಗಿ ಸುತ್ತಾಡಿ ಬನ್ನಿ, ಯಾರೂ ಮುಟ್ಟುವುದಿಲ್ಲ. ಅದು ಇಲ್ಲಿನ ಹಳೆಯ ಪದ್ಧತಿ. ಕಂಬಿಯ ಮೇಲೆ ಚಿಕ್ಕ ಪರದೆ ಇರುತ್ತದೆ, ಮಾತುಗಳು ಇಂಗ್ಲಿಷಿನಲ್ಲೂ ಬರುತ್ತವೆ. ವರ್ಷಾನುಗಟ್ಟಲೆಯಿಂದ ಅಲ್ಲೇ ನಿಂತು ಕೇಳುವ ಅಜ್ಜಂದಿರು ಸಿಗುತ್ತಾರೆ. ಒಬ್ಬ ಗಾಯಕಿಯ ಉಸಿರು ಎಲ್ಲಿ ತಡವರಿಸಿತು ಅಂತ ವಿರಾಮದಲ್ಲಿ ಹೇಳಬಲ್ಲವರು ಅವರು. ನಿಮ್ಮ ತಂದೆಗೆ ಸರಿಯಾದ ಜತೆ.

ಹಾಲುಹೋಳಿಗೆ

ವಯಸ್ಸಾದವರನ್ನು ಮೂರು ಗಂಟೆ ನಿಲ್ಲಿಸಿ ಅಂತ ಹೇಳ್ತಿದ್ದೀರಲ್ಲ ಅಣ್ಣ! ಅಮ್ಮನಿಗೆ ಮಂಡಿ ನೋವು ಅಂತ ಅವರು ಮೊದಲೇ ಬರೆದಿದ್ದಾರೆ. ವಿಗ್ ಹಾಕಿದವರ ಕಛೇರಿಗೆ ನಮ್ಮತ್ತೆ ಮಾವ ಹೋಗಿದ್ದರು. ಕುರ್ಚಿ ಇತ್ತು, ಒಂದೂವರೆ ಗಂಟೆಗೆ ಮುಗಿಯಿತು, ಇಬ್ಬರೂ ಸಂತೋಷಪಟ್ಟರು. ಅದನ್ನು ಯಾಕೆ ಬೇಡ ಅನ್ನಬೇಕು?

ಡಾನ್ಯೂಬ್‌ದಂಡೆ

ನಿಮ್ಮ ಮಾತು ಸರಿ ಅಕ್ಕ. ಅಮ್ಮನವರನ್ನು ನಿಲ್ಲಿಸುವುದು ಬೇಡ. ಮೇ ತಿಂಗಳಲ್ಲಿ ಒಪೆರಾದ ಪಕ್ಕದ ಚೌಕದಲ್ಲಿ ದೊಡ್ಡ ಪರದೆ ಹಾಕಿ ಒಳಗೆ ನಡೆಯುವುದನ್ನು ಹಲವು ಸಂಜೆ ನೇರವಾಗಿ ತೋರಿಸುತ್ತಾರೆ. ಕುರ್ಚಿ ಇರುತ್ತದೆ, ಪುಕ್ಕಟೆ. ಅಪ್ಪ ಒಳಗೆ, ಅಮ್ಮ-ಮಗಳು ಹೊರಗೆ, ಒಂದೇ ಒಪೆರಾ. ಇಲ್ಲವೇ ಗ್ಯಾಲರಿಯ ಬದಿಯ ಸೀಟುಗಳು ಕಡಿಮೆ ಬೆಲೆಗೆ ಸಿಗುತ್ತವೆ. ವೇದಿಕೆ ಪೂರ್ತಿ ಕಾಣುವುದಿಲ್ಲ, ಕೇಳಿಸುವುದಕ್ಕೆ ಏನೂ ಕೊರತೆ ಇಲ್ಲ.

ವಿಗ್ ಹಾಕಿಕೊಂಡು ಸ್ಟೆಫಾನ್ಸ್‌ಡೋಮ್ ಚರ್ಚಿನ ಸುತ್ತ ಟಿಕೆಟ್ ಮಾರುವವರು ಹಲವು ಕಂಪನಿಯವರು. ನುಡಿಸುವವರಲ್ಲಿ ಚೆನ್ನಾಗಿ ಕಲಿತವರೂ ಇರುತ್ತಾರೆ. ಆದರೆ ಒಂದೊಂದು ಕೃತಿಯಿಂದ ಎಲ್ಲರಿಗೂ ಗೊತ್ತಿರುವ ತುಣುಕು ಮಾತ್ರ ನುಡಿಸುತ್ತಾರೆ. ಅದೇ ದುಡ್ಡಿಗೆ ಮುಸೀಕ್‌ಫೆರಾಯ್ನ್‌ನಲ್ಲೋ ಕೊನ್ಸರ್ಟ್‌ಹೌಸ್‌ನಲ್ಲೋ ಪೂರ್ತಿ ಸಿಂಫನಿ ಕೇಳಬಹುದು. ಸಂಗೀತ ಕಲಿಸುವ ಮನುಷ್ಯ ಇಷ್ಟು ದೂರ ಬಂದು ತುಣುಕು ಕೇಳಿ ಹೋಗಬಾರದು. ಇದರಲ್ಲಿ ನನ್ನದು ಸ್ವಲ್ಪ ಹಟ ಇದೆ, ಇರಲಿ. ಇನ್ನೊಂದು, ಇಲ್ಲಿನ ಸಂಗೀತ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಛೇರಿಗಳಲ್ಲಿ ಬಹಳಷ್ಟಕ್ಕೆ ಟಿಕೆಟ್ಟೇ ಇಲ್ಲ. ಮೇಷ್ಟ್ರಿಗೆ ಅದು ಇನ್ನೂ ಹಿಡಿಸಬಹುದು.

ಭಾನುವಾರ ಊರಲ್ಲಿ ಇರುತ್ತೀರಾ? ಹಾಗಿದ್ದರೆ ಬೆಳಿಗ್ಗೆ 11ಕ್ಕೆ ಅಗಸ್ಟೀನರ್ ಚರ್ಚಿಗೆ ಹೋಗಿ. ಹೈಡನ್, ಮೊಜಾರ್ಟ್, ಶೂಬರ್ಟ್ ಬರೆದ ಪೂಜಾಸಂಗೀತವನ್ನು ವಾದ್ಯವೃಂದ, ಗಾಯಕವೃಂದದ ಸಮೇತ ಪೂಜೆಯ ಭಾಗವಾಗಿಯೇ ಹಾಡುತ್ತಾರೆ. ಕಛೇರಿಯಲ್ಲಿ ಕೇಳುವುದಕ್ಕೂ ಇದಕ್ಕೂ ಅಜಗಜಾಂತರ. ಯಾವುದಕ್ಕಾಗಿ ಬರೆದರೋ ಅದೇ ಕೆಲಸದಲ್ಲಿ ಆ ಸಂಗೀತ ಕೇಳಿಸುತ್ತದೆ. ನಡುವೆ ಚಪ್ಪಾಳೆ ತಟ್ಟುವುದಿಲ್ಲ, ಓಡಾಡುವುದಿಲ್ಲ. ಸಿಸಿಯ ಮದುವೆ 1854ರಲ್ಲಿ ನಡೆದದ್ದು ಅದೇ ಚರ್ಚಿನಲ್ಲಿ. ಅಲ್ಲೊಂದು ಪುಟ್ಟ ಕೋಣೆಯಲ್ಲಿ ಇಲ್ಲಿ ಆಳಿದ ಹಾಬ್ಸ್‌ಬುರ್ಗ್ ಮನೆತನದವರ ಹೃದಯಗಳನ್ನು ಬೆಳ್ಳಿಯ ಕರಂಡಗಳಲ್ಲಿ ಇಟ್ಟಿದ್ದಾರೆ. ಅಮ್ಮನವರಿಗೂ ಕಥೆ ಸಿಕ್ಕಿತು. ಹೋಫ್‌ಬುರ್ಗ್‌ನ ಚಾಪೆಲ್‌ನಲ್ಲಿ ವಿಯೆನ್ನಾ ಹುಡುಗರ ಗಾಯಕವೃಂದ ಹಾಡುವುದೂ ಭಾನುವಾರವೇ. 1498ರಲ್ಲಿ ಮ್ಯಾಕ್ಸಿಮಿಲಿಯನ್ ಅರಸ ಶುರು ಮಾಡಿದ ಪರಂಪರೆ. ಅಲ್ಲಿ ಕೂರಲು ಮುಂಚೆಯೇ ಟಿಕೆಟ್ ಮಾಡಬೇಕು.

ಹಾಲುಹೋಳಿಗೆ

ಹೊರಗಿನ ಪರದೆಯ ಉಪಾಯ ಚೆನ್ನಾಗಿದೆ. ಇನ್ನು ಊಟದ ವಿಷಯ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲೂ ಮೊಟ್ಟೆ ಇಲ್ಲ.

ಸಾಖರ್ ಟೋರ್ಟೆ ಅನ್ನುವ ಚಾಕೊಲೇಟ್ ಕೇಕಿನಲ್ಲಿ ಮೊಟ್ಟೆ ಇದೆ. ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ದೋಸೆಯ ಚೂರುಗಳಲ್ಲೂ ಮೊಟ್ಟೆ. ಚೀಸಿನ ಸ್ಪೆಟ್ಸ್ಲೆ (ನೂಡಲ್ಸ್‌ನಂಥದ್ದು) ಸಸ್ಯಾಹಾರಿ ಅಂತ ಬರೆದಿರುತ್ತಾರೆ, ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಆಲೂಗಡ್ಡೆ ಸಲಾಡ್ ನೋಡಲು ಸಾಧು, ಆದರೆ ಈ ಊರಿನ ಪದ್ಧತಿಯಲ್ಲಿ ಅದಕ್ಕೆ ದನದ ಮಾಂಸದ ಸಾರು ಹಾಕುತ್ತಾರೆ. ಕುಂಬಳಕಾಯಿ ಸೂಪಿಗೂ ಮಾಂಸದ ಸಾರು ಬಿದ್ದಿರಬಹುದು. ಕೇಳಿಯೇ ತಿನ್ನಿ. ‘ಓನೆ ಫ್ಲೈಷ್, ಓನೆ ಐ’ ಅಂದರೆ ಮಾಂಸ ಬೇಡ, ಮೊಟ್ಟೆ ಬೇಡ ಅಂತ. ಸೇಬಿನ ಸ್ಟ್ರುಡೆಲ್‌ನ ಹಿಟ್ಟು ಕೆಲವು ಕಡೆ ಮೊಟ್ಟೆ ಇಲ್ಲದೆ ಮಾಡುತ್ತಾರೆ. ಮೇಲೆ ಸುರಿಯುವ ವೆನಿಲಾ ಸಾಸ್ ಬೇಡ ಅನ್ನಿ. ನಾಶ್‌ಮಾರ್ಕ್ಟ್ ಸಂತೆಯಲ್ಲಿ ಫಲಾಫೆಲ್, ಹಮ್ಮಸ್, ಆಲಿವ್, ಹಣ್ಣು ಬೇಕಾದಷ್ಟಿವೆ. ಭಾನುವಾರ ಅದು ಇರುವುದಿಲ್ಲ. ಸೂಪರ್ ಮಾರ್ಕೆಟ್‌ಗಳೂ ಅವತ್ತು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದಲ್ಲಿರುವವು ಮಾತ್ರ ತೆರೆದಿರುತ್ತವೆ. ಅಡುಗೆ ಮನೆ ಇರುವ ರೂಮು ಹಿಡಿದು, ಅವಲಕ್ಕಿ, ಚಟ್ನಿಪುಡಿ, ರವೆ ತಗೊಂಡು ಹೋಗಿ. ರಾತ್ರಿ ಒಂದು ಬಟ್ಟಲು ಉಪ್ಪಿಟ್ಟು ಸಿಕ್ಕರೆ ಮಾರನೇ ದಿನ ಹುರುಪು ಬರುತ್ತದೆ.

ನೀರು ದುಡ್ಡು ಕೊಟ್ಟು ಕೊಳ್ಳಬೇಡಿ. ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಬುಗ್ಗೆಯ ನೀರು. 1873ರಲ್ಲೇ ಕೊಳವೆ ಎಳೆದು ತಂದಿದ್ದಾರೆ.

ಅಲೆಮಾರಿ

ಕಾಫಿ ಮನೆ ಬಿಟ್ಟಿರಲ್ಲ! ಅದು ಅಮ್ಮನವರ ಕಾಲಿಗೆ ವಿಶ್ರಾಂತಿ. ಒಂದು ಮೆಲಾಂಜ್ ಹೇಳಿದರೆ ತಟ್ಟೆಯಲ್ಲಿ ಕಾಫಿ, ಪಕ್ಕಕ್ಕೆ ಒಂದು ಲೋಟ ನೀರು ಬರುತ್ತದೆ. ಆಮೇಲೆ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಪೇಪರುಗಳನ್ನು ಕೋಲಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ಕೆಫೆ ಸೆಂಟ್ರಾಲ್ ಹೆಸರುವಾಸಿ, ಆದರೆ ಹೊರಗೆ ಕ್ಯೂ. 1880ರ ಕೆಫೆ ಶ್ಪೆರ್ಲ್ ಶಾಂತವಾಗಿದೆ. ನಮ್ಮ ಫಿಲ್ಟರ್ ಕಾಫಿಯ ಕಡುಪು ಬೇಕಾದರೆ ಐನ್‌ಶ್ಪೆನರ್ ಹೇಳಿ, ಗಾಜಿನ ಲೋಟದಲ್ಲಿ ಕರಿ ಕಾಫಿ, ಮೇಲೆ ಕೆನೆ.

ಓಡಾಟಕ್ಕೆ ವಾರದ ಪಾಸ್ ಅಥವಾ ದಿನದ ಪಾಸ್ ತಗೊಳ್ಳಿ. ಮೆಟ್ರೋಗೆ ಗೇಟ್ ಇಲ್ಲ ಅಂತ ಟಿಕೆಟ್ ಇಲ್ಲದೆ ಹತ್ತಬೇಡಿ, ಸಿಕ್ಕಿಬಿದ್ದರೆ ದಂಡ ನೂರು ಯೂರೋ ಮೀರುತ್ತದೆ. ಕಾಗದದ ಟಿಕೆಟ್ ಆದರೆ ನೀಲಿ ಪೆಟ್ಟಿಗೆಯಲ್ಲಿ ಒಮ್ಮೆ ಮುದ್ರೆ ಒತ್ತಿಸಬೇಕು. ಷೋನ್‌ಬ್ರುನ್‌ಗೆ ಯು4. ಸ್ಟೆಫಾನ್ಸ್‌ಡೋಮ್‌ನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ಉತ್ತರ ಗೋಪುರಕ್ಕೆ ಲಿಫ್ಟ್ ಇದೆ, ಅಲ್ಲೇ ಪುಮ್ಮೆರಿನ್ ಎಂಬ ದೊಡ್ಡ ಗಂಟೆ, ಸುಮಾರು 20 ಟನ್.

ಪಿಟೀಲುಪ್ರಿಯ

ಕೇಂದ್ರ ಸ್ಮಶಾನ ಸೇರಿಸಿ. 71ನೇ ಟ್ರಾಮ್ ಹತ್ತಿ ಎರಡನೇ ಗೇಟಿನಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಒಂದೇ ಜಾಗದಲ್ಲಿ ಬೀಟೋವನ್, ಶೂಬರ್ಟ್, ಬ್ರಾಮ್ಸ್, ಯೋಹಾನ್ ಸ್ಟ್ರಾಸ್. ನಡುವೆ ಮೊಜಾರ್ಟ್ ಹೆಸರಿನ ಸ್ಮಾರಕ. ಮೊಜಾರ್ಟ್‌ನನ್ನು 1791ರಲ್ಲಿ ಹೂತದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ. ಸರಿಯಾದ ಜಾಗ ಯಾವುದು ಅಂತ ಆಗಲೇ ಕಳೆದುಹೋಯಿತು. ಬೀಟೋವನ್ 1827ರಲ್ಲಿ ತೀರಿಕೊಂಡ. ಮಾರನೇ ವರ್ಷವೇ ಶೂಬರ್ಟ್, ಬರೀ 31 ವರ್ಷ. ಇಬ್ಬರೂ ಇಲ್ಲಿ ಅಕ್ಕಪಕ್ಕ.

ಟ್ರಾಮ್ ದೂರ ಅನ್ನಿಸಿದರೆ ಸ್ಟೆಫಾನ್ಸ್‌ಡೋಮ್ ಹಿಂದಿನ ಡೋಮ್‌ಗಾಸೆ 5ನೇ ನಂಬರಿನ ಮನೆ ಸಾಕು. 1784ರಿಂದ 1787ರವರೆಗೆ ಮೊಜಾರ್ಟ್ ಅಲ್ಲಿದ್ದ. ಊರಲ್ಲಿ ಅವನಿದ್ದ ಮನೆಗಳಲ್ಲಿ ಉಳಿದದ್ದು ಅದೊಂದೇ.

ತುಂಗಾತೀರ

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ವಿಷಯ ಯಾರೂ ಎತ್ತಲಿಲ್ಲ. ಈ ಊರಿನ ಸಂಗೀತದ ಕಥೆಯಲ್ಲಿ 1938 ಇದೆ, ಜರ್ಮನಿಯ ನಾಜಿಗಳು ಆಸ್ಟ್ರಿಯಾವನ್ನು ನುಂಗಿದ ವರ್ಷ. ಹೋಫ್‌ಬುರ್ಗ್ ಮುಂದಿನ ಹೆಲ್ಡೆನ್‌ಪ್ಲಾಟ್ಸ್ ಬಯಲಲ್ಲಿ ಆ ಮಾರ್ಚ್ 15ರಂದು ಹಿಟ್ಲರ್ ಮಾತಾಡಿದ, ಜನಸಾಗರ ಜೈಕಾರ ಹಾಕಿತು. ಫಿಲ್ಹಾರ್ಮೋನಿಕ್ ತನ್ನ ಯಹೂದಿ ವಾದಕರನ್ನು ಹೊರಹಾಕಿತು. ಆರ್ನಾಲ್ಡ್ ರೋಸೆ ಅವರು 1881ರಿಂದ ಅಲ್ಲಿ ಮೊದಲ ಪಿಟೀಲು. ಅರ್ಧ ಶತಮಾನಕ್ಕೂ ಮಿಕ್ಕಿ ನುಡಿಸಿದ ಮನುಷ್ಯ ಲಂಡನ್ನಿಗೆ ಓಡಿಹೋಗಬೇಕಾಯಿತು. ಅವರ ಮಗಳು ಆಲ್ಮಾ ರೋಸೆಯೂ ಪಿಟೀಲುಗಾರ್ತಿ. ಆಕೆಯನ್ನು ನಾಜಿಗಳ ಸಾವಿನ ಶಿಬಿರ ಔಷ್ವಿಟ್ಸ್‌ಗೆ ಹಾಕಿದರು. ಅಲ್ಲಿನ ಹೆಂಗಸರ ವಾದ್ಯವೃಂದವನ್ನು ನಡೆಸುತ್ತಾ, ಎಷ್ಟೋ ಹುಡುಗಿಯರ ಜೀವ ಉಳಿಸಿ, 1944ರಲ್ಲಿ ತಾನು ಅಲ್ಲೇ ತೀರಿಕೊಂಡಳು.

ಯೂಡೆನ್‌ಪ್ಲಾಟ್ಸ್ ಚೌಕದಲ್ಲಿ ಒಂದು ಸ್ಮಾರಕ ಇದೆ, 2000ನೇ ಇಸವಿಯದ್ದು. ಪುಸ್ತಕಗಳ ಕೋಣೆಯನ್ನು ಒಳಹೊರಗಾಗಿ ತಿರುಗಿಸಿದಂಥ ಕಾಂಕ್ರೀಟ್ ಕಟ್ಟಡ. ಪುಸ್ತಕಗಳ ಬೆನ್ನು ಒಳಕ್ಕೆ, ಹೆಸರು ಕಾಣುವುದಿಲ್ಲ. ಬಾಗಿಲಿದೆ, ಹಿಡಿಕೆ ಇಲ್ಲ. ಕೊಲೆಯಾದ 65,000ಕ್ಕೂ ಹೆಚ್ಚು ಆಸ್ಟ್ರಿಯಾದ ಯಹೂದಿಗಳ ನೆನಪಿಗೆ ಕಟ್ಟಿದ್ದು. ಅರಮನೆ ನೋಡಿದವರು ಹತ್ತು ನಿಮಿಷ ಅಲ್ಲೂ ನಿಲ್ಲಬೇಕು ಅಂತ ನನಗೆ ಅನ್ನಿಸುತ್ತದೆ.

ಡಾನ್ಯೂಬ್‌ದಂಡೆ

ತುಂಗಾತೀರ ಅವರೇ, ಬರೆದದ್ದು ತುಂಬಾ ಒಳ್ಳೆಯದಾಯಿತು. ಊರಲ್ಲಿ ಹಲವು ಮನೆಗಳ ಮುಂದೆ ನೆಲದಲ್ಲಿ ಹಿತ್ತಾಳೆಯ ಪುಟ್ಟ ಫಲಕ ಕೂರಿಸಿದ್ದಾರೆ. ಅಲ್ಲಿಂದ ಎಳೆದೊಯ್ದವರ ಹೆಸರು ಅದರ ಮೇಲಿದೆ. ನಡೆಯುವಾಗ ಕಣ್ಣಿಟ್ಟು ನೋಡಿ.

ಮಲ್ಲಿಗೆಮೊಗ್ಗು

ನಿಮ್ಮೆಲ್ಲರ ಪ್ರೀತಿಗೆ ಏನು ಹೇಳಲಿ. ರಾತ್ರಿ ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಆಲ್ಮಾ ರೋಸೆಯ ವಿಷಯ ಬಂದಾಗ ಸುಮ್ಮನಾದರು. ಆಮೇಲೆ ಆ ಚೌಕಕ್ಕೆ ಹೋಗಲೇಬೇಕು ಅಂದರು.

ಟ್ರಾವೆಲ್ಸ್‌ನವರಿಗೆ ಬೇಡ ಅಂತ ಹೇಳಿಬಿಟ್ಟೆ. ಷೋನ್‌ಬ್ರುನ್ ಒಂದು ಬೆಳಿಗ್ಗೆ ಪೂರ್ತಿ. ಹೋಫ್‌ಬುರ್ಗ್‌ನಲ್ಲಿ ಸಿಸಿಯ ಕೋಣೆಗಳು ಮಾತ್ರ, ಅವತ್ತೇ ಯೂಡೆನ್‌ಪ್ಲಾಟ್ಸ್. ಭಾನುವಾರ ಅಗಸ್ಟೀನರ್ ಚರ್ಚು, ಮಧ್ಯಾಹ್ನ ಸ್ಮಶಾನ. ಮುಸೀಕ್‌ಫೆರಾಯ್ನ್‌ನಲ್ಲಿ ಒಂದು ಸಿಂಫನಿಗೆ ಮೂರು ಸೀಟು ಸಿಕ್ಕಿತು. ಒಪೆರಾಗೆ ಅಪ್ಪ ನಿಂತೇ ಕೇಳುತ್ತಾರಂತೆ! ಬೆಲ್ವೆಡೇರ್ ಬಿಡುತ್ತಿದ್ದೇವೆ. ಬೇಜಾರಿಲ್ಲ ತಾನೇ?

ಕರಾವಳಿಕೂಸು

ಇಲ್ಲಿನ ಚಿತ್ರಕಾರ ಕ್ಲಿಮ್ಟ್‌ನ ‘ಮುತ್ತು’ ಚಿತ್ರ ಬೆಲ್ವೆಡೇರ್‌ನಲ್ಲೇ ಇರೋದು. ಚಿತ್ರಕಲೆ ಇಷ್ಟ ಇದ್ದರೆ ಬಿಡಬೇಡಿ ಅನ್ನುತ್ತಿದ್ದೆ. ತೋಟಕ್ಕಂತೂ ಟಿಕೆಟ್ ಇಲ್ಲ, ಸಂಜೆ ಸುಮ್ನೆ ಒಂದು ಸುತ್ತು ಹಾಕಿ.

ಮಲ್ಲಿಗೆಮೊಗ್ಗು

ಹಾಗೇ ಮಾಡುತ್ತೇವೆ. ಕೊನೆಯದಾಗಿ ಒಂದು. ಒಪೆರಾಗೆ ಅಪ್ಪ ಪಂಚೆ ಶಲ್ಯ ಹಾಕಿಕೊಂಡು ಬರುತ್ತೇನೆ ಅನ್ನುತ್ತಿದ್ದಾರೆ. ಬಿಡುತ್ತಾರಾ?

ಡಾನ್ಯೂಬ್‌ದಂಡೆ

ಧಾರಾಳವಾಗಿ ಬರಲಿ. ಇಲ್ಲಿನವರು ಅಚ್ಚುಕಟ್ಟಾಗಿ ಉಟ್ಟುಕೊಂಡು ಬಂದವರನ್ನು ಗೌರವದಿಂದ ನೋಡುತ್ತಾರೆ. ಮೇ ತಿಂಗಳ ರಾತ್ರಿ ಚಳಿ ಇರಬಹುದು, ಮೇಲೊಂದು ಕೋಟು ಇರಲಿ. ಕೋಟು, ಚೀಲ, ಛತ್ರಿಯನ್ನು ಬಾಗಿಲಲ್ಲೇ ಗಾರ್ಡೆರೋಬೆಗೆ ಕೊಟ್ಟು ಚೀಟಿ ತಗೊಳ್ಳಬೇಕು, ಒಳಗೆ ಒಯ್ಯುವಂತಿಲ್ಲ. ಕಂಬಿಗೆ ಕಟ್ಟಲು ಸ್ಕಾರ್ಫ್ ಮಾತ್ರ ಕೈಯಲ್ಲಿ ಇಟ್ಟುಕೊಳ್ಳಲಿ. ಶುರುವಾದ ಮೇಲೆ ಬಂದರೆ ವಿರಾಮದವರೆಗೆ ಒಳಗೆ ಬಿಡುವುದಿಲ್ಲ. ಹಾಗಾಗಿ ಒಂದು ಗಂಟೆ ಮುಂಚೆಯೇ ಅಲ್ಲಿರಿ. ಕಾರ್ಲ್ಸ್‌ಪ್ಲಾಟ್ಸ್ ನಿಲ್ದಾಣದಲ್ಲಿ ಇಳಿದು ಒಪೆರಾ ಕಡೆಯ ದಾರಿ ಹಿಡಿದರೆ ಎದುರಿಗೇ ಇದೆ. ಲಿಫ್ಟ್ ಉಂಟು.